ನಾಲ್ಕನೇ ಕೋಣೆಯ ನಲವತ್ತು ಮಗ್ಗಗಳು

2022ರಲ್ಲಿ ನಾನು ನವಿ ಮುಂಬೈಯ ಮಹಾಪೆಯಲ್ಲಿ ಒಂದು ವಿಡಿಯೋ ಗೇಮ್ ಕಂಪನಿಯ ಸೌಂಡ್ ಡಿಸೈನರ್ ಆಗಿದ್ದೆ. ಕಂಪನಿ ಎಂದರೆ ಒಂಬತ್ತು ಜನ, ಎರಡು ಕೋಣೆ, ಒಂದು ಬಾಲ್ಕನಿ, ಅಷ್ಟೇ. ಅದಕ್ಕೂ ಮೊದಲು ಹದಿನೆಂಟು ವರ್ಷ ಠಾಣೆಯ ಸ್ಟುಡಿಯೋಗಳಲ್ಲಿ ಹಿಂದಿ, ಮರಾಠಿ ಧಾರಾವಾಹಿಗಳಿಗೆ ಶಬ್ದ ಕೂರಿಸುತ್ತಿದ್ದೆ. ಅತ್ತೆ ಬಾಗಿಲು ತೆರೆದರೆ ಗುಡುಗು, ಸೊಸೆ ತಿರುಗಿ ನೋಡಿದರೆ ಇನ್ನೂ ದೊಡ್ಡ ಗುಡುಗು. ಅದು ಸಾಕೆನಿಸಿ ಗೇಮ್‌ಗಳ ಕಡೆ ಬಂದಾಗ ನನಗೆ ನಲವತ್ತಾರು ವರ್ಷ. ಉಳಿದ ಎಂಟು ಮಂದಿಯಲ್ಲಿ ಮೂವತ್ತೈದು ದಾಟಿದವರು ಒಬ್ಬರೂ ಇರಲಿಲ್ಲ.

ನಾವು ಮಾಡುತ್ತಿದ್ದ ಆಟ ಇದು. ಉರಿದು ಕಪ್ಪಾದ ಒಂದು ನಕ್ಷತ್ರ, ಅದನ್ನು ಸುತ್ತುವ ಪಾಳುಬಿದ್ದ ಅಂತರಿಕ್ಷ ನಿಲ್ದಾಣ. ಒಂದು ಕಾಲಕ್ಕೆ ಅಲ್ಲಿ ಬಾಹ್ಯಾಕಾಶ ಹಡಗುಗಳಿಗೆ ಹಾಯಿಬಟ್ಟೆ ನೇಯುತ್ತಿದ್ದರು. ಈಗ ಯಾರೂ ಇಲ್ಲ, ಯಂತ್ರಗಳು ಮಾತ್ರ ನಡೆಯುತ್ತಿವೆ. ರಿಪೇರಿಗೆಂದು ಒಬ್ಬಳನ್ನು ಕಳಿಸುತ್ತಾರೆ. ಆಟವಾಡುವವರು ಆ ರಿಪೇರಿಯವಳು. ಬಂದೂಕಿಲ್ಲ, ಹೊಡೆದಾಟವಿಲ್ಲ. ಏಳು ಕೋಣೆ, ಪ್ರತಿ ಕೋಣೆಗೂ ಒಂದು ಒಗಟು. ಇಂಥ ಆಟದ ಭಯಕ್ಕೆ ಕಾಸ್ಮಿಕ್ ಹಾರರ್ ಎನ್ನುತ್ತಾರೆ. ಅದು ದೆವ್ವದ ಭಯವಲ್ಲ. ದೆವ್ವಕ್ಕೆ ನಮ್ಮ ಮೇಲೆ ಸಿಟ್ಟಿರುತ್ತದೆ, ಅಂದರೆ ನಮ್ಮನ್ನು ಅದು ಲೆಕ್ಕಕ್ಕೆ ಇಟ್ಟಿದೆ ಎಂದಾಯಿತು. ಇಲ್ಲಿ ಎದುರಾಗುವುದು ಎಷ್ಟು ದೊಡ್ಡದೆಂದರೆ, ಮನುಷ್ಯ ಎಂಬುದೊಂದು ಇದೆ ಎಂದೇ ಅದಕ್ಕೆ ಗೊತ್ತಿಲ್ಲ. ಆಫೀಸಿನಲ್ಲಿ ನಾವು ಅದಕ್ಕೆ ಹೆಸರಿಡಲಿಲ್ಲ. ‘ಅದು’ ಎನ್ನುತ್ತಿದ್ದೆವು.

ನಾಲ್ಕನೇ ಕೋಣೆ ನನ್ನದು. ಅಲ್ಲಿ ದೀಪವಿಲ್ಲ. ಕತ್ತಲಲ್ಲಿ ನಲವತ್ತು ಮಗ್ಗಗಳು ನಡೆಯುತ್ತಿರುತ್ತವೆ. ಅವುಗಳಲ್ಲಿ ಒಂದು ಮಗ್ಗವೇ ಅಲ್ಲ; ‘ಅದು’ ಮಗ್ಗದ ಸದ್ದನ್ನು ಅಣಕಿಸುತ್ತಿದೆ. ಕಿವಿಯಿಂದಲೇ ಅದನ್ನು ಪತ್ತೆಹಚ್ಚಿ ಅದರ ಸನ್ನೆಕೋಲು ಎಳೆಯಬೇಕು. ಇಡೀ ಆಟದಲ್ಲಿ ಕಣ್ಣಿಗೆ ಕೆಲಸವಿಲ್ಲದ ಕೋಣೆ ಇದೊಂದೇ. ನಾನು ಹಠ ಹಿಡಿದು ಸೇರಿಸಿದ್ದು.

ಮಗ್ಗದ ಸದ್ದಿಗೆ, ವಿದ್ಯುತ್ ಮಗ್ಗಗಳ ಊರಾದ ಭಿವಂಡಿ ಬಿಟ್ಟು ಇನ್ನೆಲ್ಲಿ ಹೋಗುವುದು? ಫೆಬ್ರವರಿಯ ಒಂದು ಬೆಳಿಗ್ಗೆ ಡೊಂಬಿವ್ಲಿಯ ಮನೆಯಿಂದ ಹೊರಟು, ಕಲ್ಯಾಣದಲ್ಲಿ ಎಸ್‌.ಟಿ. ಬಸ್ ಹಿಡಿದು, ಗುರುತಿನವರ ಮೂಲಕ ಗೊತ್ತುಮಾಡಿದ್ದ ಒಂದು ಪವರ್‌ಲೂಮ್ ಶೆಡ್ಡಿಗೆ ಹೋದೆ. ಒಳಗೆ ಸದ್ದು ಮೈಗೇ ಬಡಿಯುತ್ತಿತ್ತು. ರೆಕಾರ್ಡರ್ ಹಿಡಿದು, ಮೂವತ್ತು ಸೆಕೆಂಡ್ ಆಗಲೆಂದು ಬಾಯಲ್ಲೇ ಎಣಿಸುತ್ತ ನಿಂತಿದ್ದೆ. ಎದುರಿನ ಮಗ್ಗದ ಹಿಂದಿನಿಂದ ಒಬ್ಬರು ಎದ್ದುನಿಂತು ನನ್ನ ಮುಖವನ್ನೇ ನೋಡತೊಡಗಿದರು. ಐವತ್ತೈದರ ಆಸುಪಾಸು, ಕೈಯಲ್ಲಿ ಸ್ಪ್ಯಾನರ್. ಹೊರಗೆ ಬಂದ ಮೇಲೆ ಕೇಳಿದರು:

“ಅಕ್ಕಾರ, ಕನ್ನಡದಾಗ ಎಣಸ್ಲತ್ತಿದ್ರಲ್ಲ! ಯಾವೂರವ್ರು ನೀವು?”

ಆ ಗದ್ದಲದಲ್ಲಿ ನನ್ನ ಎಣಿಕೆ ನನಗೇ ಕೇಳಿಸಿರಲಿಲ್ಲ. ಅವರು ತುಟಿ ನೋಡಿ ಓದಿದ್ದರು. ಶೆಡ್ಡಿನಲ್ಲಿ ಎಲ್ಲರೂ ಹಾಗೆಯೇ ಮಾತಾಡುವುದಂತೆ.

“ಹುಟ್ಟಿದ್ದು ಡೊಂಬಿವ್ಲಿ ಮಾರಾಯ್ರೆ, ಮನೆಯವರು ಉಡುಪಿ ಕಡೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಹಾಗಾಗಿ ಲೆಕ್ಕ ಮಾತ್ರ ಕನ್ನಡದಲ್ಲೇ ಬರ್ತದೆ” ಎಂದೆ.

ಅವರು ಶರಣಪ್ಪ, ಕಲಬುರಗಿ ಜಿಲ್ಲೆಯ ಆಳಂದದ ಕಡೆಯವರು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಜಾಬರ್. ಮಗ್ಗಗಳ ರಿಪೇರಿ ನೋಡಿಕೊಳ್ಳುವ ಮೇಸ್ತ್ರಿಗೆ ಜಾಬರ್ ಎನ್ನುತ್ತಾರೆ. ಮಗ್ಗಗಳ ನಡುವೆಯೇ ಇದ್ದು ಅವರ ಕಿವಿ ಅರ್ಧ ಮಂದವಾಗಿತ್ತು. ಆ ದಿನ ಚಹಾ ಕುಡಿಸಿ ಕಳಿಸಿದರು. ನಾನು ಬಂದು ಕೆಲಸಕ್ಕೆ ಕೂತೆ. ರೆಕಾರ್ಡ್ ಮಾಡಿದ್ದರಲ್ಲಿ ಒಂದು ತುಣುಕು ಕತ್ತರಿಸಿ, ಅದರ ಕೊನೆಯನ್ನು ಮೊದಲಿಗೆ ಜೋಡಿಸಿದರೆ ಅದು ನಿಲ್ಲದೆ ಕೇಳುತ್ತಲೇ ಇರುತ್ತದೆ. ಇದಕ್ಕೆ ಲೂಪ್ ಎನ್ನುತ್ತೇವೆ. ಒಂದು ಲೂಪ್ ಮಾಡಿ, ವೇಗ ಸ್ವಲ್ಪ ಸ್ವಲ್ಪ ಬದಲಿಸಿ ನಲವತ್ತು ಮಗ್ಗಗಳಿಗೂ ಹಾಕಿದೆ. ಸುಳ್ಳು ಮಗ್ಗದಲ್ಲಿ ಮಾತ್ರ ಒಂದು ಏಟು ಚೂರು ತಡವಾಗಿ ಬೀಳುವಂತೆ ಮಾಡಿದೆ.

ಜೂನ್‌ನಲ್ಲಿ, ಹೊರಗಿನವರಿಂದ ಆಟ ಆಡಿಸಿ ನೋಡಿದ ಪರೀಕ್ಷೆಯ ವರದಿ ಬಂತು. ಆಡಿದವರು ಇಪ್ಪತ್ತನಾಲ್ಕು ಮಂದಿ. ನಾಲ್ಕನೇ ಕೋಣೆ ದಾಟಿದವರು ಮೂವರು. ಆ ಮೂವರೂ ಕಣ್ಣುಮುಚ್ಚಿ ಯಾವುದೋ ಒಂದನ್ನು ಎಳೆದೆವು ಎಂದು ಬರೆದಿದ್ದರು. ಆಟವನ್ನು ಬಿಡುಗಡೆ ಮಾಡಬೇಕಿದ್ದ ವಿದೇಶದ ಸಂಸ್ಥೆ ಒಂದೇ ಸಾಲಿನಲ್ಲಿ ಸಲಹೆ ಕೊಟ್ಟಿತು: ಈ ಕೋಣೆ ತೆಗೆದುಹಾಕಿ.

ನಮ್ಮ ಕಂಪನಿ ಕಟ್ಟಿದವನು ನಿಖಿಲ್, ಡೊಂಬಿವ್ಲಿಯ ಮರಾಠಿ ಹುಡುಗ. ನನ್ನನ್ನು ‘ತಾಈ’ ಎನ್ನುತ್ತಿದ್ದ, ಅಕ್ಕ ಎಂದು. ಬಾಲ್ಕನಿಗೆ ಕರೆದು ಹೇಳಿದ: “ತಾಈ, ಕೋಣೆ ನನಗೆ ಇಷ್ಟ. ಆದರೆ ಯಾರಿಗೂ ತೆರೆಯದ ಬಾಗಿಲು ಇಟ್ಟುಕೊಂಡು ಏನು ಮಾಡೋದು? ಹತ್ತು ದಿನ ತಗೊಳ್ಳಿ. ಆಗದಿದ್ದರೆ ಬಿಟ್ಟುಬಿಡೋಣ.”

ನನಗೆ ಬೇರೆಯೇ ಭಯ ಹುಟ್ಟಿತು. ನನಗೆ ಸ್ಪಷ್ಟವಾಗಿ ಕೇಳುವ ವ್ಯತ್ಯಾಸ ಇಪ್ಪತ್ತರ ಹರೆಯದವರಿಗೆ ಕೇಳುತ್ತಿಲ್ಲ ಎಂದರೆ, ಕೆಟ್ಟಿರುವುದು ಯಾರ ಕಿವಿ? ಯಾರಿಗೂ ಹೇಳದೆ ಠಾಣೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಡಾಕ್ಟರು ವರದಿಯ ಕಾಗದದಲ್ಲಿ ಇಳಿಯುವ ಗೆರೆ ತೋರಿಸಿ, “ತೀರಾ ಸಣ್ಣ, ಚೂಪು ಸದ್ದುಗಳು ಸ್ವಲ್ಪ ಕಡಿಮೆ ಕೇಳ್ತಿವೆ. ವಯಸ್ಸು, ಬೇರೇನಿಲ್ಲ” ಎಂದರು. ಬೇರೆಯವರಿಗೆ ಅದು ಬೇರೇನಿಲ್ಲ. ಕಿವಿಯಿಂದಲೇ ಅನ್ನ ಹುಟ್ಟಿಸುವವಳಿಗೆ ಹಾಗಲ್ಲ. ಆ ಕಾಗದವನ್ನು ಮಡಚಿ ಚೀಲದ ಅಡಿಗೆ ಹಾಕಿ, ಟ್ರಾನ್ಸ್-ಹಾರ್ಬರ್ ಲೈನಿನ ರೈಲು ಹಿಡಿದು ಆಫೀಸಿಗೆ ಮರಳಿದೆ.

ಐದು ದಿನ ಸುಳ್ಳು ಮಗ್ಗವನ್ನು ತಿದ್ದಿದ್ದೇ ತಿದ್ದಿದ್ದು. ಸದ್ದು ಏರಿಸಿದೆ. ಉಸಿರಾಟ ಸೇರಿಸಿದೆ. ಕೊನೆಗೆ ಧಾರಾವಾಹಿ ಬುದ್ಧಿ ಹೋಗದೆ ಒಂದು ಘೋರ ಗರ್ಜನೆಯನ್ನೂ ಹಾಕಿದೆ. ಆಟ ಆಡಿ ನೋಡಿದ ಹುಡುಗಿಯೊಬ್ಬಳು, “ಹಸಿದ ಒಂಟೆ ಬಂದ ಹಾಗಿದೆ, ತುಂಬ ನಕ್ಕೆ” ಎಂದು ಬರೆದಳು. ಆಫೀಸಿನವರೆಲ್ಲ ನಕ್ಕರು. ನಾನೂ ನಕ್ಕೆ, ಮುಖಕ್ಕಷ್ಟೇ.

ಆರನೇ ದಿನ ಲ್ಯಾಪ್‌ಟಾಪು, ಸ್ಪೀಕರು ಹೊತ್ತು ಭಿವಂಡಿಗೆ ಹೋದೆ. ಅಂದು ಶೆಡ್ಡಿಗೆ ವಾರದ ರಜೆ. ಮಗ್ಗಗಳೆಲ್ಲ ನಿಂತಿದ್ದವು, ಶರಣಪ್ಪ ಒಂದೊಂದಕ್ಕೇ ಎಣ್ಣೆ ಬಿಡುತ್ತಿದ್ದರು. ನಾನು ಆಟದ ಕಥೆಯನ್ನೆಲ್ಲ ಹೇಳಿದೆ. ಕಪ್ಪು ನಕ್ಷತ್ರ, ಯಾರೂ ಇಲ್ಲದ ಶೆಡ್, ಮಗ್ಗವಲ್ಲದ ಮಗ್ಗ. ಅವರು ನಗದೆ ಕೇಳಿದರು. ಆಮೇಲೆ ಸ್ಪೀಕರ್ ಹಚ್ಚಿದೆ.

“ಇದರಲ್ಲಿ ಒಂದು ಮಗ್ಗ ಸುಳ್ಳಿನದ್ದು ಅಣ್ಣ. ಯಾವುದು ಅಂತ ಹೇಳ್ಲಿಕ್ಕೆ ಆಗ್ತದಾ?”

ಅವರು ಕಿವಿ ಕೊಡಲಿಲ್ಲ. ಎಣ್ಣೆಯ ಕೈ ಒರೆಸಿಕೊಂಡು ಅಂಗೈಯನ್ನು ಸ್ಪೀಕರಿನ ಮೇಲೆ ಇಟ್ಟು ಕಣ್ಣು ಮುಚ್ಚಿದರು. ನಾನು ಒಂದೊಂದೇ ಮಗ್ಗದ ಸದ್ದು ಹಾಕುತ್ತ ಹೋದೆ. ಏಳೆಂಟು ಆಗಿರಬೇಕು, ಕೈ ತೆಗೆದು ಗಟ್ಟಿಯಾಗಿ ನಕ್ಕರು.

“ಒಂದಲ್ರೀ ಅಕ್ಕಾರ, ಎಲ್ಲಾ ಸುಳ್ಳೇ ಅವ!”

ಅವರು ನನ್ನನ್ನು ನಿಂತಿದ್ದ ಒಂದು ಮಗ್ಗದ ಹತ್ತಿರ ಕರೆದೊಯ್ದು, ದಾರ ತುಂಬಿದ ಲಾಳಿಯನ್ನು ಎತ್ತಿ ತೋರಿಸಿದರು. “ನೋಡ್ರಿ, ಇದು ಎಡಗಡಿಂದ ಬಲಗಡಿ ಹೋಗ್ತದ. ಅದು ಒಂದು ಏಟು. ಬಲಗಡಿಂದ ಎಡಗಡಿ ಬರ್ತದ. ಅದು ಇನ್ನೊಂದು. ಎರಡರ ಸದ್ದೂ ಬ್ಯಾರೆ. ನಿಮ್ಮದರಾಗ ಎಡಗಡಿಂದ ಹೋತು, ಮತ್ತ ಎಡಗಡಿಂದೇ ಹೋತು. ನಡುವ ಬರಲೇ ಇಲ್ಲ.”

ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ನನ್ನ ಲೂಪಿನ ಏಟುಗಳನ್ನು ಎಣಿಸಿದೆ. ಹನ್ನೊಂದು. ಬೆಸ ಸಂಖ್ಯೆ. ಕೊನೆಯ ಏಟು ಎಡದ್ದು, ಮತ್ತೆ ಶುರುವಾಗುವುದೂ ಎಡದ್ದು. ಜೋಡಿಸಿದ ಜಾಗದಲ್ಲಿ ನಲವತ್ತು ಮಗ್ಗಗಳೂ ಎಡವುತ್ತಿದ್ದವು. ಪಾಪ, ಆಡುವವರಿಗೆ ಎಲ್ಲ ಕಡೆಯಿಂದಲೂ ತಪ್ಪೇ ಕೇಳಿಸುತ್ತಿತ್ತು. ಅವರ ಕಿವಿ ಸರಿಯಾಗಿಯೇ ಇತ್ತು. ನನ್ನ ಕಿವಿಯದೂ ತಪ್ಪಲ್ಲ. ತಪ್ಪಿದ್ದು ನನ್ನ ಕತ್ತರಿ.

ಶರಣಪ್ಪ ಇನ್ನೂ ಲಾಳಿ ಹಿಡಿದು ಯೋಚಿಸುತ್ತಿದ್ದರು. “ಆದ್ರ ಅಕ್ಕಾರ, ಒಂದ್ ಮಾತು. ಎಡಗಡಿಂದ ಎರಡ್ ಸಲ ಹೋಗಬೇಕಂದ್ರ, ಲಾಳಿ ತಿರುಗಿ ಎಡಗಡಿಗೆ ಬಂದಿರಬೇಕಲ್ಲ? ಸದ್ದಿಲ್ದೆ ಅದನ್ನ ಯಾರು ತಂದಿಟ್ರು?”

ಹೇಳಿ ಮುಗಿಸಿ ಅವರೇ ಒಮ್ಮೆ ತಿರುಗಿ, ನಿಂತ ಮಗ್ಗಗಳ ಸಾಲನ್ನು ನೋಡಿದರು. ಹಾಡಹಗಲು, ಬಾಗಿಲಲ್ಲಿ ಬಿಸಿಲು. ಆದರೂ ನನ್ನ ಎರಡೂ ತೋಳಿನ ರೋಮ ಎದ್ದು ನಿಂತಿತು. ಮರುಕ್ಷಣ ನಾನು ಖುಷಿಯಿಂದ ಕಿರುಚಿಬಿಟ್ಟೆ. ಐದು ದಿನ ಗರ್ಜನೆಯಲ್ಲಿ ಹುಡುಕಿದ ಹೆದರಿಕೆ ಈ ಒಂದು ಪ್ರಶ್ನೆಯಲ್ಲಿತ್ತು.

“ಎಂತ ಹೇಳಿದ್ರಿ ಅಣ್ಣ, ಎಂತ ಹೇಳಿದ್ರಿ!” ಎಂದು ಎರಡು ಸಲ ಕೇಳಿದೆ. ಅವರು ಗಾಬರಿಯಾಗಿ ನೀರು ತಂದುಕೊಟ್ಟರು.

ಮರುದಿನ ಮಗ್ಗಗಳು ನಡೆಯುವಾಗ ಮತ್ತೆ ಹೋದೆ. ಶರಣಪ್ಪ ಜೊತೆಗೇ ನಡೆದು ಮೂವತ್ತೊಂಬತ್ತು ಮಗ್ಗಗಳ ಸದ್ದನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಸಿದರು. ಪ್ರತಿಯೊಂದನ್ನೂ ಹನ್ನೆರಡು ಏಟಿಗೆ ಕತ್ತರಿಸಿದೆ. ನಲವತ್ತನೆಯದಕ್ಕೆ ನನ್ನ ಹಳೆಯ ಹನ್ನೊಂದರ ಲೂಪ್ ಹಾಗೆಯೇ ಇಟ್ಟೆ. ತಪ್ಪೇ ಉತ್ತರವಾಯಿತು. ಉಸಿರಾಟ, ಗರ್ಜನೆ ಎಲ್ಲ ತೆಗೆದೆ. ಶರಣಪ್ಪನವರ ಅಂಗೈ ನೆನಪಾಗಿ, ಏಟುಗಳು ಆಟಗಾರರ ಕೈಯಲ್ಲಿರುವ ಕಂಟ್ರೋಲರಿನಲ್ಲೂ ಅದುರುವಂತೆ ಮಾಡಿಸಿದೆವು. ಕಿವಿ ಕೇಳದವರೂ ಈ ಕೋಣೆ ದಾಟಬಹುದು. ಸರಿಯಾದ ಸನ್ನೆಕೋಲು ಎಳೆದಾಗ ಮಗ್ಗಗಳೆಲ್ಲ ನಿಲ್ಲುತ್ತವೆ, ಪರದೆಯ ಮೇಲೆ ಒಂದೇ ಸಾಲು ಮೂಡುತ್ತದೆ: ಲಾಳಿಯನ್ನು ಹಿಂದಿರುಗಿಸಿದ್ದು ಯಾರು?

ನಿಖಿಲ್‌ಗೆ ಕೆಲಸ ಒಪ್ಪಿಸುವಾಗ ಕಿವಿ ಪರೀಕ್ಷೆಯ ಕಾಗದವನ್ನೂ ಮುಂದಿಟ್ಟೆ. ಓದಿ ವಾಪಸ್ ಕೊಟ್ಟ. “ತಾಈ, ಚೂಪು ಸದ್ದು ಕೇಳೋಕೆ ಆಫೀಸಲ್ಲಿ ಎಂಟು ಜನ ಇದ್ದೇವೆ. ಭಿವಂಡಿಗೆ ಹೋಗಿ ನೆಲದ ಮೇಲೆ ಕೂರೋರು ನೀವೊಬ್ಬರೇ” ಎಂದ.

ಹೊಸದಾಗಿ ಆಡಿದ ಇಪ್ಪತ್ತನಾಲ್ಕು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಕೋಣೆ ದಾಟಿದರು. ಒಂಟೆ ಎಂದಿದ್ದವಳನ್ನೂ ಬೇಕೆಂದೇ ಕರೆದು ಆಡಿಸಿದೆವು. ಕೊನೆಯ ಸಾಲು ಓದಿದವಳೇ ಹೆಡ್‌ಫೋನ್ ಕಿತ್ತಿಟ್ಟು, “ಸ್ವಲ್ಪ ಹೊರಗೆ ಹೋಗಿ ಬರ್ತೇನೆ” ಎಂದು ಬಾಲ್ಕನಿಗೆ ನಡೆದಳು. ನಾವು ಒಂಬತ್ತು ಮಂದಿ ಶಾಲಾ ಮಕ್ಕಳ ಹಾಗೆ ಕೈ ಕೈ ಬಡಿದುಕೊಂಡೆವು. ಕೋಣೆ ಉಳಿಯಿತು.

ಬಿಡುಗಡೆಯ ವಾರ ಶರಣಪ್ಪ ಮಗಳು ಭಾಗ್ಯಶ್ರೀಯನ್ನು ಕರೆದುಕೊಂಡು ಮಹಾಪೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಪೊಟ್ಟಣ ಶೇಂಗಾ ಹೋಳಿಗೆ. ಕಂಟ್ರೋಲರನ್ನು ಎರಡೂ ಅಂಗೈ ನಡುವೆ ಹಿಡಿದು ಕಣ್ಣು ಮುಚ್ಚಿದರು. ಒಂದು ನಿಮಿಷವೂ ಹಿಡಿಯಲಿಲ್ಲ, ಸನ್ನೆಕೋಲು ಎಳೆದರು. ಆಫೀಸಿಡೀ ಸಿಳ್ಳೆ. ಆದರೆ ಅವರು ಏಳಲಿಲ್ಲ. “ಇನ್ನೊಮ್ಮೆ ಹಚ್ರಿ. ಆ ಹನ್ನೆರಡನೇ ಮಗ್ಗದ ಬೆಲ್ಟ್ ಸಡ್ಲ ಆಗ್ಯದ, ನಾಳೆ ಹೋಗಿ ನೋಡಬೇಕು” ಎಂದರು. ಕೊನೆಯಲ್ಲಿ ಹೆಸರುಗಳ ಪಟ್ಟಿ ಬಂದಾಗ ‘ಮಗ್ಗ ಪರೀಕ್ಷಕರು: ಶರಣಪ್ಪ’ ಎಂದು ಕನ್ನಡದಲ್ಲೇ ಮೂಡಿತು. ಭಾಗ್ಯಶ್ರೀಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. “ಪಪ್ಪಾ, ಆಪ್ ತೋ ಗೇಮ್ ಮೇ ಆ ಗಯೇ!” ಎಂದು, ಅಪ್ಪ ಆಟದೊಳಗೇ ಬಂದುಬಿಟ್ಟರೆಂದು ಕುಣಿದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ತಪ್ಪು ಎಲ್ಲಿದೆ ಎಂದು ನಾವು ಮೊದಲೇ ನಿರ್ಧರಿಸಿ, ಅಲ್ಲೇ ಅಗೆಯುತ್ತೇವೆ. ಆ ಐದು ದಿನ ನಾನು ನಲವತ್ತನೇ ಮಗ್ಗವನ್ನು ಬಿಟ್ಟು ಬೇರೆ ಯಾವುದನ್ನೂ ಕೇಳಲಿಲ್ಲ. ಉಳಿದವು ಸರಿ ಇವೆ ಎಂದು ತೀರ್ಪು ಕೊಟ್ಟವಳೂ ನಾನೇ. ಈಗ ಯಾವ ಸದ್ದು ಸಿದ್ಧವಾದರೂ, ಆ ಸದ್ದಿನ ನಡುವೆ ದಿನ ಕಳೆಯುವ ಒಬ್ಬರಿಗೆ ಮೊದಲು ಕೇಳಿಸುತ್ತೇನೆ. ಹೋದ ತಿಂಗಳು ಹೊಸ ಆಟಕ್ಕೆ ಮಾಡಿದ ರೈಲು ಹಳಿಯ ಸದ್ದನ್ನು ಹಿಡಿದುಕೊಂಡು ದಿವಾ ರೈಲು ನಿಲ್ದಾಣಕ್ಕೆ ಹೋಗಿದ್ದೆ. ಅಲ್ಲಿ ಹಳಿಯ ಕೆಲಸ ಮಾಡುವ ಹೆಂಗಸೊಬ್ಬರು ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿ, ಸೆರಗಿನಿಂದ ಬಾಯಿ ಮುಚ್ಚಿ ನಗತೊಡಗಿದರು. ನಾನು ಅವರ ಪಕ್ಕ ಕಲ್ಲಿನ ಮೇಲೆ ಕೂತು, ಖುಷಿಯಿಂದ ನೋಟ್‌ಬುಕ್ ತೆರೆದೆ.