ನನ್ನ ಮಾತಿನ ಮೊದಲರ್ಧ

ಮಾರೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಆಟೋ, ಬೈಕುಗಳ ಸೀಟು ಹೊಲಿಯುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಯಾರ ಮುಂದೆಯೂ ಕೈ ಚಾಚಿಲ್ಲ, ಯಾವ ಪಾರ್ಟಿಯ ಬಾವುಟವನ್ನೂ ಅಂಗಡಿ ಮುಂದೆ ಕಟ್ಟಲು ಬಿಟ್ಟಿಲ್ಲ.

ನಮ್ಮ ರಸ್ತೆಗೆ ಕಾಂಕ್ರೀಟ್ ಹಾಕಿದ ವರ್ಷದ ಮಾತು. ಎದುರಿಗೆ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ತಳ್ಳುಗಾಡಿಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದಳು. ರಸ್ತೆ ಅಗೆಯುವಾಗ ಕಾರ್ಪೊರೇಷನ್‌ನವರು ಆಕೆಯ ಗಾಡಿ ಎತ್ತಿಸಿದರು. ಕೆಲಸ ಮುಗಿದ ಮೇಲೆ ಅದೇ ಜಾಗ ಎಂದವರು ಆಮೇಲೆ ಕೊಡಲಿಲ್ಲ. ಪಾಪ, ಬುಟ್ಟಿ ಹೊತ್ತು ಮನೆಮನೆ ತಿರುಗತೊಡಗಿದಳು. ರಸ್ತೆ ಬಗ್ಗೆ ಕೇಳಲು ಟಿವಿಯವರು ಬರುತ್ತಾರೆಂಬ ಸುದ್ದಿ ಹಬ್ಬಿದಾಗ ನನ್ನ ಹತ್ತಿರ ಬಂದಳು.

"ಅಣ್ಣಾರ, ನಾಳೆ ವಿಜಯನಗರಕ್ಕ ಲಗ್ನದ ಮನೀಗೆ ರೊಟ್ಟಿ ಕೊಡೂದೈತ್ರಿ. ನನ್ನ ಗಾಡಿ ವಿಚಾರ ನೀವ ಹೇಳ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮೈಕ್ ಹಿಡಿದು ಬಂದದ್ದು ನನ್ನ ಮಗಳ ವಯಸ್ಸಿನ ಹುಡುಗಿ. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಹರಿದ ಸೀಟು ತಂದವನಿಗೆ ಮೊದಲು, ಫ್ರೇಮ್ ಗಟ್ಟಿಯಿದೆ, ಒಳ್ಳೇ ಮಾಲು ಎನ್ನುತ್ತೇವೆ. ಆಮೇಲೆ ಸ್ಪಂಜು ಹೋಗಿದೆ ಎನ್ನುತ್ತೇವೆ. ಮೊದಲೇ ಹುಳುಕು ಹೇಳಿದರೆ ಗಿರಾಕಿ ಎದ್ದುಹೋಗುತ್ತಾನೆ. ಮೈಕ್ ಮುಂದೆಯೂ ನಾಲಿಗೆ ಹಾಗೇ ಓಡಿತು. "ರಸ್ತೆ ಬಹಳ ಚೆನ್ನಾಗಾಗಿದೆ ಮೇಡಂ. ಇಂಥ ರಸ್ತೆ ನಾನು ನೋಡಿರ್ಲಿಲ್ಲ" ಎಂದೆ. ಆಮೇಲೆ ರೊಟ್ಟಿಯಾಕೆಯ ಕಥೆಯನ್ನೆಲ್ಲ ಹೇಳಿದೆ.

ಸಂಜೆ ಟಿವಿಯಲ್ಲಿ ಬಂದದ್ದು ಮೊದಲ ಎರಡು ಮಾತು ಮಾತ್ರ. ಕೆಳಗೆ ದಪ್ಪಕ್ಷರದಲ್ಲಿ 'ವ್ಯಾಪಾರಿಗಳು ಖುಷ್'.

ಮರುದಿನ ಸೀಟು ಹೊಲಿಸಲು ಬಂದ ಆಟೋದವನು ಶುರು ಮಾಡಿದ. "ಏನಣ್ಣ, ಕಾರ್ಪೊರೇಟರ್ ಟಿಕೆಟ್ ಯಾವಾಗ್ ಕೊಡ್ತಾರಂತೆ? ಆ ಚಾನೆಲ್ ಯಾರ್ ಜೇಬಲ್ಲಿದೆ ಅಂತ ಗೊತ್ತಿಲ್ವಾ ನಿಮ್ಗೆ?"

ಅದನ್ನು ಸಹಿಸಿಕೊಂಡೆ. ರೊಟ್ಟಿಯಾಕೆ ಅಂದದ್ದನ್ನು ಸಹಿಸಲಾಗಲಿಲ್ಲ. ಬುಟ್ಟಿ ಕೆಳಗಿಳಿಸದೆಯೇ ಹೇಳಿದಳು, "ಆಗೂದಿಲ್ಲ ಅಂದಿದ್ರ ನಾನ ಬಂದು ನಿಂದರ್ತಿದ್ನಿ, ಅಣ್ಣಾರ." ಉತ್ತರಕ್ಕೆ ಕಾಯದೆ ಹೊರಟುಹೋದಳು.

ಟಿವಿಯ ಹುಡುಗಿ ನಂಬರ್ ಕೊಟ್ಟಿದ್ದಳು. ಫೋನ್ ಮಾಡಿ ಕೂಗಾಡಿದೆ. ಆಕೆ ಎದುರಾಡಲಿಲ್ಲ. "ನಾನು ಪೂರ್ತಿ ಕಳ್ಸಿದ್ದೆ ಸಾರ್. ಕಟ್ ಮಾಡೋದು ಆಫೀಸಲ್ಲಿ, ನನ್ನ ಕೇಳಲ್ಲ. ಆ ಅಮ್ಮನ ವಿಷ್ಯ ಬರ್ಲಿ ಅಂತ ನಂಗೂ ಇತ್ತು." ದನಿ ಸಣ್ಣಗಾಗಿತ್ತು. ಸ್ವಲ್ಪ ಹೊತ್ತಿಗೆ ಪೂರ್ತಿ ವಿಡಿಯೋ ನನ್ನ ಮೊಬೈಲಿಗೆ ಬಂತು. ಜೊತೆಗೊಂದು ಮೆಸೇಜು: ಆ ಅಮ್ಮನಿಗೆ ತೋರಿಸಿ ಸಾರ್, ಫಾರ್ವರ್ಡ್ ಮಾತ್ರ ಮಾಡಬೇಡಿ, ನನ್ನ ಕೆಲಸ ಹೋಗುತ್ತೆ.

ಆಟೋದವನು ನನ್ನ ಹೆಗಲ ಮೇಲಿಂದ ಇಣುಕಿ ಕುಣಿದಾಡಿದ. "ಕೊಡಿ ಇಲ್ಲಿ! ಎದುರು ಪಾರ್ಟಿ ಚಾನೆಲ್‌ಗೆ ಬಿಡಣ. ಇವ್ರ ಮಾನ ಹೋಗ್ಲಿ, ನಿಮ್ ಹೆಸ್ರೂ ಕ್ಲೀನ್ ಆಗುತ್ತೆ."

ಆಸೆಯಾಯಿತು, ಸುಳ್ಳೇಕೆ. ಹೆಸರು ಬಿಟ್ಟರೆ ನನ್ನ ಹತ್ತಿರ ಬೇರೇನಿದೆ? ಆದರೆ ಆ ಚಾನೆಲ್‌ನವರು ನನ್ನ ಮಾತಿನ ಎರಡನೇ ಅರ್ಧವನ್ನಷ್ಟೇ ಇಟ್ಟುಕೊಂಡು ಇನ್ನೊಂದು ದಪ್ಪಕ್ಷರ ಹಾಕುತ್ತಿದ್ದರು. ನಡುವೆ ಆ ಹುಡುಗಿ ಬೀದಿಗೆ ಬೀಳುತ್ತಿದ್ದಳು. ಮೊಬೈಲ್ ಜೇಬಿಗೆ ಹಾಕಿಕೊಂಡೆ.

ಸಂಜೆ ರೊಟ್ಟಿಯಾಕೆಯನ್ನು ಕೂಗಿ ಕೂರಿಸಿ ತೋರಿಸಿದೆ. ತನ್ನ ಗಾಡಿಯ ಮಾತು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಷ್ಟೆಲ್ಲಾ ಹೇಳಿರೇನ್ರಿ! ನಮ್ಮ ಮನಿಯವ್ರಿಗೂ ಕಳಸ್ರಿ." ಹುಡುಗಿಯ ಮೆಸೇಜು ಓದಿ ಹೇಳಿದೆ.

ಮೊಬೈಲನ್ನು ನನ್ನತ್ತ ಸರಿಸಿದಳು. ಆಮೇಲೆ ಬುಟ್ಟಿ ಎತ್ತಿ ತಲೆಯ ಸಿಂಬಿಯ ಮೇಲಿಟ್ಟುಕೊಂಡಳು.

"ಬ್ಯಾಡ್ರಿ, ಅಳಿಸಿಬಿಡ್ರಿ. ನನ್ನ ಗಾಡಿ ಹೋಗೇತಲ್ಲ, ಅಷ್ಟ ಸಾಕು."