ಹೊಸ್ತಿಲ ಮೇಲೆ ಹಲಗೆ

ಹಲಗೆ ಹಿಡಿಸುವಷ್ಟು ಜಾಗ ಸಾಲದು, ಅದನ್ನು ಉಜ್ಜುವ ಕೈ ಆಡುವಷ್ಟೂ ಬೇಕು ಎಂದು ನನಗೆ ಮೊದಲು ಹೇಳಿದವರು ತೊಗರ್ಸಿಯ ಬಡಗಿ ಮೌನೇಶಪ್ಪನವರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೇಜು ಓದಿದವಳು, ಕೈಯಲ್ಲಿ ಅಳತೆಯ ಟೇಪು ಬೇರೆ ಇತ್ತು.

ಅವರ ಕೆಲಸದ ಚಪ್ಪರ ಮಳೆಗೆ ಬಿದ್ದುಹೋಗಿತ್ತು. ಶಿಕಾರಿಪುರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ನಮ್ಮ ಮನೆಯ ಬೀದಿಕಡೆಯ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆ. ಸೊರಬದ ಒಂದು ಹೊಸ ಮನೆಗೆ ತಲೆಬಾಗಿಲು ಮಾಡಿಕೊಡಬೇಕಿತ್ತು. ಅದೂ ಕೈತಪ್ಪಿದರೆ ಕಸುಬೇ ಬಿಡಬೇಕಾಗುತ್ತದೆ ಎಂದಿದ್ದರು. ಹಲಗೆ ಒಳಗೆ ಹಿಡಿಸಿತು. ಮೌನೇಶಪ್ಪನವರು ಉಜ್ಜುಗೊರಡು ಹಿಡಿದು ಗೋಡೆಗೆ ಅಂಟಿಕೊಂಡು ನಿಂತರು.

“ಬಾಗಿಲು ತೆಗೆದು, ತುದಿಯನ್ನ ಹೊಸ್ತಿಲ ಮೇಲಿಟ್ಟು ಬೀದಿಗೆ ಚಾಚಿ,” ಎಂದೆ.

“ಹೊಸ್ಲ ಮೇಲಾ, ಅಕ್ಕೋರೆ? ಬಾಗ್ಲು ಕೂರ್ಸೋ ದಿನ ಪೂಜೆ ಮಾಡ್ಸಿ, ಇದನ್ನ ತುಳೀಬ್ಯಾಡ್ರಿ ಅಂತ ಊರಿಗೆಲ್ಲ ಹೇಳೋನು ನಾನು. ನಾನೇ ಅದರ ಮೇಲೆ ಮರ ಉಜ್ಜಿದ್ರೆ, ನನ್ನ ಕೈಲಿ ಬಾಗ್ಲು ಯಾರು ಕೂರಿಸ್ಕೊಂತಾರ್ರೀ?”

“ಅದೂ ಬರೀ ಮರ ಅಲ್ವೇನ್ರೀ?”

“ಹೌದ್ರೀ. ಹಂಗಾರೆ ನೀವೇ ಒಂದ್ಸಲ ಅದರ ಮೇಲೆ ಕೂತು ತೋರ್ಸಿ.”

ನಾನು ಕೂರಲಿಲ್ಲ.

ಸೊರಬದವರು ಕಾದು ಕಾದು ಬೇರೆ ಬಡಗಿಯನ್ನು ಹಿಡಿದರು. ಮೌನೇಶಪ್ಪನವರು ಆ ಕೋಣೆಯಲ್ಲಿ ಎರಡು ಊಟದ ಮಣೆ ಮಾಡಿ, ಉಳಿ ಗರಗಸಗಳನ್ನು ಚೀಲಕ್ಕೆ ತುಂಬಿಕೊಂಡು ಗದ್ದೆ ಕೂಲಿಗೆ ಹೋದರು. ಈಗ ಅಲ್ಲಿ ಸೌದೆ ಒಟ್ಟಿದ್ದೇನೆ. ಸೌದೆಗೆ ಜಾಗ ಧಾರಾಳವಾಗಿದೆ.

ಬಡಗಿಗೆ ಕೋಣೆ ಬಿಟ್ಟುಕೊಡಲು ಹೊರಟವರು ಯಾರಾದರೂ ನಿಮಗೆ ಸಿಕ್ಕರೆ, ಮೌನೇಶಪ್ಪನವರ ಆ ಮೊದಲ ಮಾತನ್ನು ದಯವಿಟ್ಟು ಮುಟ್ಟಿಸಿ. ಟೇಪು ಬೇಕಿದ್ದರೆ ನನ್ನದನ್ನೇ ಕೊಡುತ್ತೇನೆ.