ಹದಿನಾಲ್ಕು ಗಾಲಿ, ನಾಲ್ಕೇ ನಿಂಬೆಹಣ್ಣು

“ಅಯ್ಯಯ್ಯೋ, ಇದಕ್ಕೆಷ್ಟು ಗಾಲಿ ಅವೆ ಮಗಾ!” ಅವ್ವ ಲಾರಿಯ ಮುಂದೆ ಬೆರಗಾಗಿ ನಿಂತುಬಿಟ್ಟಳು. ಹಳೇಕೋಟೆಯಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ ನಾನು ಅಂದು ಮೊದಲ ಸಲ ಲಾರಿ ಡ್ರೈವರಾಗಿ, ತೆಂಗಿನಕಾಯಿ ಲೋಡಿನೊಂದಿಗೆ ಚನ್ನರಾಯಪಟ್ಟಣದಿಂದ ನಾಗಪುರಕ್ಕೆ ಹೊರಟಿದ್ದೆ. ಗಾಲಿಗೊಂದರಂತೆ ಇಡಲು ಅವಳು ತಂದಿದ್ದು ನಾಲ್ಕೇ ನಿಂಬೆಹಣ್ಣು. ಲಾರಿಗಿದ್ದದ್ದು ಹದಿನಾಲ್ಕು ಗಾಲಿ.

“ಮುಂದಿನವಕ್ಕೆ ಇಟ್ರೆ ಸಾಕು ಕಣವ್ವಾ,” ಎಂದೆ.

“ಮಿಕ್ಕವೇನು ಪಾಪ ಮಾಡವೆ? ಅವೂ ಭಾರ ಹೊತ್ಕಂಡ್ ಓಗಲ್ವೇನ್ಲಾ?”

ನಾಲ್ಕು ಹಣ್ಣನ್ನೂ ಇಟ್ಟು, ಉಳಿದ ಗಾಲಿಗಳನ್ನು ಒಂದೊಂದಾಗಿ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಜೋಡಿ ಗಾಲಿಗಳ ಒಳಗಿನದಕ್ಕೂ ಕೈ ತೂರಿಸಿದಳು. ಸುತ್ತು ಮುಗಿದಾಗ ಅವಳ ರೆಪ್ಪೆಗಳ ಮೇಲೆಲ್ಲ ಕಪ್ಪು ಮಸಿ.

ಈಗ ಡಾಬಾದಿಂದ ಹೊರಡುವಾಗಲೆಲ್ಲ ನಾನೂ ಲಾರಿ ಸುತ್ತಿ ಪ್ರತಿ ಗಾಲಿಯನ್ನೂ ಮುಟ್ಟುತ್ತೇನೆ. ನೋಡಿದವರು ಗಾಳಿ ಪರೀಕ್ಷಿಸುತ್ತಿದ್ದಾನೆ ಎಂದುಕೊಳ್ಳುತ್ತಾರೆ.